ಕಾವೂರಿನ ಅನ್ನ

ಕಾವೂರು, ಮಂಗಳೂರು
12 ನವೆಂಬರ್ 1946

ಮೊಂಬಾಸದವರಿಗೆ ಚಂಪಾವತಿ ಬರೆಯುವುದು.

ನೀವು ಕಳಿಸಿದ ಪರ್ಮಿಟ್ ಫಾರಂ ಬಂದು ಹದಿನೆಂಟು ದಿನವಾಯಿತು. ಅದನ್ನು ತುಂಬಿಸಿ ಟಪ್ಪಾಲಿಗೆ ಹಾಕುವುದಕ್ಕೆ ಹದಿನೇಳು ದಿನ ಹಿಡಿಯಿತು. ನಿನ್ನೆ ಹಾಕಿ ಬಂದು ಮಲಗಿದವಳು ಇವತ್ತು ಎದ್ದು ಈ ಕಾಗದ ಬರೆಯುತ್ತಿದ್ದೇನೆ.

ಕೇಳಿದ್ದೆಲ್ಲ ಹೋಗಿದೆ. ಫೋಟೋ ಮೂರು ಪ್ರತಿ. ಸ್ಟುಡಿಯೋದವನು ನಗಬೇಡಿ ಎಂದ. ನಗುವ ಯೋಚನೆ ನನಗೂ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರರ ಚೀಟಿ, ಸಿಡುಬಿನ ದಾಕು ಹಾಕಿಸಿದ ಚೀಟಿ, ಎರಡೂ ಹೋಗಿವೆ. ಎಡತೋಳು ಇನ್ನೂ ಊದಿಕೊಂಡಿದೆ. ತಡವಾದದ್ದು ಮದುವೆಯ ದಾಖಲೆಗೆ.

ಕೊಡಿಯಾಲ್‌ಬೈಲಿನಲ್ಲಿ ಅರ್ಜಿ ಟೈಪು ಮಾಡುವ ಆಂಬ್ರೋಸ್ ಪೊರ್ಬುಗಳಿಗೆ ನಮ್ಮ ಮದುವೆ ಅರ್ಥವೇ ಆಗಲಿಲ್ಲ. ಅವರ ಇಗರ್ಜಿಯಲ್ಲಿ ದೊಡ್ಡ ಪುಸ್ತಕ ಇದೆಯಂತೆ. ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು ಎಲ್ಲ ಅದರಲ್ಲಿ ಬರೆದಿರುತ್ತದಂತೆ. "ನಿಮ್ಮದು ಎಲ್ಲಿ ಬರೆದುಂಟು ಅಕ್ಕ?" ಎಂದು ಕೇಳಿದರು. ಎಲ್ಲಿಯೂ ಬರೆದಿಲ್ಲ, ನಮ್ಮ ಸೋದರಮಾವನೇ ಜಾತಿಗೆ ಹಿರಿಯರಾದ ಗುರಿಕಾರರು, ಅವರ ಎದುರು ಕೈಧಾರೆಯಾಯಿತು, ಊರೆಲ್ಲ ನೋಡಿದೆ ಎಂದೆ. "ಊರನ್ನು ಲಕೋಟೆಗೆ ಹಾಕ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದರು.

ಕಡೆಗೆ ಗುರಿಕಾರರೇ ಬರೆದುಕೊಟ್ಟು ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿದರೆ ನಡೆಯುತ್ತದೆ ಎಂದು ಗೊತ್ತಾಯಿತು. ದುಗ್ಗಪ್ಪ ಮಾವ ಕೋಟು ಹಾಕಿ ಮುಂಡಾಸು ಕಟ್ಟಿ ಬಂದರು. ಅವರು ಹೇಳಿದ್ದನ್ನು ಪೊರ್ಬುಗಳು ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಇಂಥ ವರ್ಷ, ಇಂಥ ತಿಂಗಳು, ನನ್ನ ಎದುರು ಧಾರೆಯಾಯಿತು ಎಂದಾಯಿತು. ಅಲ್ಲಿಗೆ ಸಾಕಿತ್ತು. ಮಾವ ನಿಲ್ಲಿಸಲಿಲ್ಲ. "ಇವಳು ನಮ್ಮ ಕುಟುಂಬದ ಹೆಣ್ಣು. ಗಂಡನ ಅನ್ನಕ್ಕೆ ಕೈಯೊಡ್ಡಿದವಳಲ್ಲ. ಇವಳ ಊಟ ಬಟ್ಟೆ ಇಂದಿಗೂ ಎಂದೆಂದಿಗೂ ನಮ್ಮ ಮನೆಯದು, ಹಾಗೆ ಬರೆಯಿರಿ," ಎಂದರು.

ಪೊರ್ಬುಗಳು ಬೆರಳು ಎತ್ತಿದರು. "ಇದನ್ನು ಅವರು ಕೇಳ್ಲಿಲ್ಲ ಅಲ್ವಾ?"

"ಕೇಳದಿದ್ರೆ ಎಂತ? ನಾವು ಯಾರು ಅಂತ ಅವರಿಗೆ ಗೊತ್ತಾಗುವುದು ಬೇಡ್ವಾ?"

ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ನನಗೂ ಹೆಮ್ಮೆಯಾಯಿತು. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಗಂಡ ಮನೆಯಿಂದ ಹೊರಗೆ ಹಾಕಿದನೆಂದು ಅರ್ಜಿ ಬರೆಸಲು ಕೂತಿದ್ದಳು. ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣಿಗೆ ಆ ಗತಿ ಇಲ್ಲವಲ್ಲ, ತಾಯಿಮನೆಯೇ ಅವಳ ಮನೆಯಲ್ಲವಾ ಎಂದುಕೊಂಡೆ.

ಮದುವೆಯಾಗಿ ನಾವು ಒಟ್ಟಿಗೆ ಇದ್ದದ್ದು ನಾಲ್ಕು ತಿಂಗಳು, ನೀವು ಮೊಂಬಾಸಕ್ಕೆ ವಾಪಸು ಹೋದಿರಿ. ಆಮೇಲೆ ಯುದ್ಧ ಶುರುವಾಯಿತು, ಹಡಗು ನಿಂತಿತು, ನಿಮ್ಮ ರಜೆಯೂ ನಿಂತಿತು. ನನಗೆ ಇಪ್ಪತ್ತೇಳಾಯಿತು. ಯಾರೂ ಏನೂ ಕೇಳುವುದಿಲ್ಲ. ಅಮ್ಮ ಮಾತ್ರ ಆಗಾಗ ಅಟ್ಟದಿಂದ ತೊಟ್ಟಿಲು ಇಳಿಸಿ ಧೂಳು ಒರೆಸುತ್ತಾಳೆ. ಒರೆಸುವಾಗ ನನ್ನ ಮುಖ ನೋಡುವುದಿಲ್ಲ. ಬೇಗ ಕರೆಸಿಕೊಳ್ಳಿ.

ನಿಮ್ಮ
ಚಂಪಾ

*

ಮೊಂಬಾಸ
2 ಫೆಬ್ರವರಿ 1947

ಚಿ॥ ಸೌ॥ ಚಂಪಾವತಿಗೆ,

ಪರ್ಮಿಟ್ ಇಲ್ಲ ಎಂದರು. ಮೊದಲೇ ಹೇಳಿಬಿಡುತ್ತೇನೆ, ಕಾಗದದ ಕೊನೆಯವರೆಗೆ ನೀನು ಹುಡುಕುವುದು ಬೇಡ.

ಆಫೀಸಿನ ಗುಮಾಸ್ತ ಕೆಟ್ಟವನಲ್ಲ. ಕನ್ನಡಕ ಹಾಕಿದ ವಯಸ್ಸಾದ ಮನುಷ್ಯ. ನಿನ್ನ ಮಾವ ಬರೆಸಿದ ಆ ಸಾಲಿನ ಮೇಲೆ ಬೆರಳಿಟ್ಟು ನೀನೇ ಓದು ಎಂದ. ಓದಿದೆ. "ನಿನ್ನ ಹೆಂಡತಿಯನ್ನು ಅವಳ ಮನೆಯವರೇ ಎಂದೆಂದಿಗೂ ಸಾಕುತ್ತಾರಲ್ಲ, ಮತ್ತೆ ಇಲ್ಲಿಗೆ ಯಾಕೆ? ಪರ್ಮಿಟ್ ಕೊಡುವುದು ಗಂಡನ ದುಡಿಮೆಯನ್ನೇ ನಂಬಿ ಬದುಕುವ ಹೆಂಡತಿಗೆ," ಎಂದ. ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಮಾವನೇ ಮನೆ ನಡೆಸುತ್ತಾನೆ, ಅದಕ್ಕಾಗಿ ಹೆಂಡತಿ ಹೆಂಡತಿಯಲ್ಲ ಎಂದಾಗುವುದಿಲ್ಲ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕೇಳಿಸಿಕೊಂಡ, ಅಷ್ಟೇ. ಹಿಂದೆ ಇನ್ನೂ ಮೂವತ್ತು ಜನ ಸಾಲಿನಲ್ಲಿ ನಿಂತಿದ್ದರು.

ಒಂದು ದಾರಿ ಉಂಟಂತೆ. ಮೊದಲು ಪ್ರಮಾಣ ಮಾಡಿದವರೇ ಬದಲಿ ಪ್ರಮಾಣ ಮಾಡಬೇಕು. ಈಕೆಗೆ ನಮ್ಮ ಮನೆಯಿಂದ ಊಟ ಬಟ್ಟೆ ಇಲ್ಲ, ಗಂಡನೇ ಗತಿ, ಎಂದು ಬರೆದುಕೊಡಬೇಕು. ದುಗ್ಗಪ್ಪ ಮಾವ ಹಾಗೆ ಬರೆಯುತ್ತಾರಾ? ನೀನೇ ಕೇಳಬೇಕು. ನಾನು ಬರೆದರೆ ಅಳಿಯ ಜೋರು ಮಾಡಿದ ಹಾಗಾಗುತ್ತದೆ.

ಡಿಸೆಂಬರಿನಲ್ಲೇ ಎರಡು ಕೋಣೆಯ ಮನೆ ಹಿಡಿದೆ. ಸುಣ್ಣ ಹೊಡೆಸಿದೆ. ಇಲ್ಲಿನ ಕಲ್ಲುಕುಟಿಗನಿಂದ ಅರೆಯುವ ಕಲ್ಲು ಮಾಡಿಸಿದೆ. ಅದು ಯಾವುದಕ್ಕೆ ಎಂದೇ ಅವನಿಗೆ ತಿಳಿಯದು, ಗುಂಡುಕಲ್ಲನ್ನು ಕೋಳಿಮೊಟ್ಟೆಯ ಹಾಗೆ ಮಾಡಿಕೊಟ್ಟಿದ್ದಾನೆ. ಅದರಲ್ಲಿ ಅರೆದದ್ದು ಏನೂ ಇಲ್ಲ. ಹಗಲೆಲ್ಲ ಹಂಚಿನ ಭಟ್ಟಿಯ ಬಾಯಲ್ಲಿ ನಿಂತು ಸಾಯಂಕಾಲ ಬಂದರೆ ಎರಡನೆಯ ಕೋಣೆಯ ಬಾಗಿಲು ತೆಗೆಯುವುದಿಲ್ಲ.

ಇಂತೀ
ನೋಣಯ್ಯ

*

ಕಾವೂರು
28 ಮಾರ್ಚ್ 1947

ಮೊಂಬಾಸದವರಿಗೆ,

ನಿಮ್ಮ ಕಾಗದ ಬಂದ ದಿನ ಮಾವನಿಗೆ ಹೇಳಲಿಲ್ಲ. ಮರುದಿನವೂ ಇಲ್ಲ. ಅವರು ದಿನಾ ಗದ್ದೆಯಿಂದ ಬಂದು ಕಾಲು ತೊಳೆಯುವಾಗ "ಪರ್ಮಿಟ್ ಎಂತಾಯ್ತು?" ಎಂದು ಕೇಳುತ್ತಿದ್ದರು. ಬರುತ್ತದೆ ಎನ್ನುತ್ತಿದ್ದೆ. "ನಿಮ್ಮ ಹೆಮ್ಮೆಯಿಂದ ಹೋಯಿತು" ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ, ಆ ಹೆಮ್ಮೆಯಲ್ಲಿ ನನ್ನದೂ ಪಾಲಿತ್ತು.

ಹನ್ನೊಂದನೆಯ ದಿನ ಹೇಳಿದೆ. ಚಾವಡಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು.

"ನಾನು ಬರೆಸಿದ್ದರಲ್ಲಿ ಸುಳ್ಳು ಎಂತ ಉಂಟು?"

"ಸುಳ್ಳಿಲ್ಲ ಮಾವ. ಅದೇ ತೊಂದರೆ ಆದದ್ದು."

"ಇವಳಿಗೆ ನನ್ನ ಮನೆಯಲ್ಲಿ ಅನ್ನ ಇಲ್ಲ ಅಂತ ನಾನು ಬರೆಯುವುದಾ? ಹುಟ್ಟಿದ ಮನೆಯ ಹೆಣ್ಣಿಗೆ? ನಾನು ಸತ್ತ ಮೇಲೆ ಬರೆಸಿಕೊ."

"ಬರೇ ಒಂದು ಕಾಗದ ಮಾವ."

"ನಿನ್ನ ಮದುವೆ ಬರೇ ಒಂದು ಮಾತು. ನನ್ನ ಬಾಯಿಯ ಮಾತು. ಅದನ್ನು ನಂಬಿ ತಾನೇ ನೀನು ಎಂಟು ವರ್ಷ ಕೂತದ್ದು?"

ಅಮ್ಮ ಒಳಗಿನಿಂದ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ಅಣ್ಣ ಗುರಿಕಾರನಾದ ಮೇಲೆ ಅವಳು ಅವರಿಗೆ ಎದುರಾಡಿದ್ದು ನಾನು ಕಂಡಿಲ್ಲ. ಎಣ್ಣೆಯ ಗಿಂಡಿ ಮುಚ್ಚಿಟ್ಟ ಮೇಲೆ ಮಾವ ಇನ್ನೊಂದು ಮಾತು ಹೇಳಿದರು. ಅವನಿಗೆ ಹೆಂಡತಿ ಬೇಕಾದರೆ ಅವನೇ ಬರಲಿ, ನಮ್ಮಲ್ಲಿ ಗಂಡ ಹೆಂಡತಿಯ ಮನೆಗೆ ಬರುವುದು ಹೊಸತಾ, ಎಂದು.

ಬೇರೆ ಯಾರಾದರೂ ಹಿರಿಯರು ಬರೆದುಕೊಟ್ಟರೆ ಆಗುತ್ತದಾ ಎಂದು ಕೊಡಿಯಾಲ್‌ಬೈಲಿಗೆ ನಡೆದುಹೋಗಿ ಪೊರ್ಬುಗಳನ್ನು ಕೇಳಿದೆ. ಆಗುವುದಿಲ್ಲ ಎಂದರು. ಬಂದ ದಾರಿಯಲ್ಲೇ ವಾಪಸು ನಡೆದೆ. ಈ ದಾರಿಯಲ್ಲಿ ಕಾಗದದ ಕಟ್ಟು ಹಿಡಿದುಕೊಂಡು ಎಷ್ಟು ಸಲ ಓಡಾಡಿದ್ದೇನೆಂದರೆ, ಕಾವೂರು ಕೆರೆಯ ಹತ್ತಿರ ಬಟ್ಟೆ ಒಗೆಯುವವರು ಈಗ ಎಲ್ಲಿಗೆ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ.

ನಾನೂ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವೇ ಬರಬಾರದಾ?

ಚಂಪಾ

*

ಮೊಂಬಾಸ
1 ಜೂನ್ 1947

ಚಂಪಾವತಿಗೆ,

ಬರಬಹುದು. ಒಮ್ಮೆ ಬಿಟ್ಟು ಬಂದರೆ ಮತ್ತೆ ಒಳಗೆ ಬಿಡುವ ಭರವಸೆ ಇಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ನನಗಿಂತ ಹಳೆಯ ಭಟ್ಟಿ ಮೇಸ್ತ್ರಿಗಳು ಕೆಲಸವಿಲ್ಲದೆ ಕೂತಿದ್ದಾರೆಂದು ಕೇಳಿದ್ದೇನೆ. ಬಂದು ನಿನ್ನ ಮಾವನ ಚಾವಡಿಯಲ್ಲಿ ಕೂತು ಮೂರು ಹೊತ್ತು ಉಣ್ಣಲಾ? ಹಾಗೆ ಉಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಅಪ್ಪನೂ ಹಾಗೇ ಇದ್ದರು. ಹೆಂಡತಿಯ ಮನೆಯ ಅನ್ನ ಉಂಡು ಒಂದು ದಿನವೂ ಗಟ್ಟಿಯಾಗಿ ಮಾತಾಡದೆ ಸತ್ತರು. ನಾನು ಹಡಗು ಹತ್ತಿದ್ದೇ ಅದು ಬೇಡವೆಂದು.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ನಿನ್ನ ಮುಖ ನೆನಪು ಮಾಡಿಕೊಳ್ಳಲು ಹೋದರೆ ಈಗ ನಿನ್ನ ಅಕ್ಷರ ನೆನಪಿಗೆ ಬರುತ್ತದೆ. ಫೋಟೋದಲ್ಲಿ ಇರುವವಳು ಯಾರೋ ದೊಡ್ಡ ಹೆಂಗಸು. ನಾನು ಬಿಟ್ಟು ಬಂದದ್ದು ಹತ್ತೊಂಬತ್ತರ ಹುಡುಗಿಯನ್ನು. ನನಗೂ ನಲವತ್ತು ಹತ್ತಿರ ಬಂತು.

ನಮ್ಮ ಕಟ್ಟಿನಲ್ಲಿ ಕೂಡಿಸುವುದು ಎಷ್ಟು ಸುಲಭವೋ ಬಿಡಿಸುವುದೂ ಅಷ್ಟೇ ಸುಲಭ. ಗುರಿಕಾರರು ನಾಲ್ಕು ಜನರ ಎದುರು ಒಂದು ಮಾತು ಹೇಳಿದರೆ ಮುಗಿಯಿತು. ಅದಕ್ಕೆ ಯಾವ ಆಫೀಸೂ ಸರ್ಟಿಫಿಕೇಟು ಕೇಳುವುದಿಲ್ಲ. ನಿನಗೆ ಹಾಗೆ ಬೇಕೆನಿಸಿದರೆ ಹೇಳು, ನಾನು ಅಡ್ಡ ಬರುವುದಿಲ್ಲ. ನಿನಗಿನ್ನೂ ಮಕ್ಕಳಾಗುವ ವಯಸ್ಸು. ಇದನ್ನು ಸಿಟ್ಟಿನಿಂದ ಬರೆದದ್ದೆಂದು ತಿಳಿಯಬೇಡ. ಸಿಟ್ಟು ಮಾಡುವಷ್ಟು ತ್ರಾಣ ಉಳಿದಿಲ್ಲ.

ನೋಣಯ್ಯ

*

ಕಾವೂರು
20 ಆಗಸ್ಟ್ 1947

ಚಿ॥ ನೋಣಯ್ಯನಿಗೆ ದುಗ್ಗಪ್ಪ ಕೈಯಾರೆ ಬರೆದದ್ದು.

ನಿನ್ನ ಜೂನ್ ತಿಂಗಳ ಕಾಗದವನ್ನು ಚಂಪಾ ನನ್ನ ಮುಂದೆ ಇಟ್ಟು ದನಕ್ಕೆ ಹುಲ್ಲು ಹಾಕಲು ಹೋದಳು. ಹೆಂಡತಿಗೆ ಬರೆದ ಕಾಗದವನ್ನು ಇನ್ನೊಬ್ಬ ಓದುವುದು ಮರ್ಯಾದೆಯಲ್ಲ. ಆದರೂ ಓದಿದೆ. ಬಿಡಿಸುವ ಮಾತು ಇಷ್ಟು ಸಲೀಸಾಗಿ ಬರೆಯುತ್ತೀಯಲ್ಲ, ನಿನಗೆ ಅಕ್ಷರ ಕಲಿಸಿದವನನ್ನು ಕಂಡರೆ ನಾಲ್ಕು ಮಾತು ಕೇಳಬೇಕು ಅನಿಸಿತು. ಆಮೇಲೆ ಹಟ್ಟಿಯ ಕಡೆ ನೋಡಿದೆ. ಅವಳು ಹುಲ್ಲು ಹಾಕಿ ಮುಗಿಸಿ ಅಲ್ಲೇ ಕಂಬ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಬೈದು ಸುಮ್ಮನಿರುತ್ತಿದ್ದೆ.

ನಾನು ಗುರಿಕಾರನಾಗಿ ಮೂವತ್ತೊಂದು ವರ್ಷ. ನನ್ನ ಎದುರು ಧಾರೆಯಾದ ಮದುವೆಗಳಿಗೆ ನನ್ನ ಬಾಯಿಯೇ ಪುಸ್ತಕ. ನಾಳೆ ಯಾರಾದರೂ ಇಂಥವಳು ಇಂಥವನ ಹೆಂಡತಿ ಹೌದಾ ಎಂದು ಕೇಳಿದರೆ ನಾನು ಹೌದು ಎನ್ನಬೇಕು, ಕೇಳಿದವನು ನಂಬಬೇಕು. ಒಂದು ಸಲ ಸುಳ್ಳಿಗೆ ಪ್ರಮಾಣ ಮಾಡಿದೆ ಎಂದಾದರೆ ಉಳಿದವರ ಗತಿ ಏನು? ಅದಕ್ಕೆ ನಾನು ಆಗುವುದಿಲ್ಲ ಎಂದದ್ದು. ಹೊಟ್ಟೆಕಿಚ್ಚಿಗಲ್ಲ.

ಈಗ ಬದಲಿ ಪ್ರಮಾಣಕ್ಕೆ ರುಜು ಹಾಕಿದ್ದೇನೆ. ಕಾಗದ ನಿನಗೆ ಬೇರೆ ರಿಜಿಸ್ಟರ್ ಟಪ್ಪಾಲಿನಲ್ಲಿ ಬರುತ್ತದೆ. ಮೊದಲು ನಿಜ ಮಾಡಿದೆ, ಆಮೇಲೆ ಹಾಕಿದೆ. ಆಟಿ ತಿಂಗಳಲ್ಲಿ ಯಾರನ್ನೂ ಮನೆಯಿಂದ ಕಳಿಸಬಾರದು, ಅದಕ್ಕೆ ಮುಂದಿನ ಸೋಣ ತಿಂಗಳು ಬರುವವರೆಗೆ ಕಾದೆ. ಮೊನ್ನೆ ಅವಳನ್ನು ಮನೆಯಿಂದ ಕಳಿಸಿದೆ. ಪೇಟೆಯಲ್ಲಿ ಸ್ವಾತಂತ್ರ್ಯದ ಬಾವುಟ ಇನ್ನೂ ಇಳಿಸಿರಲಿಲ್ಲ. ಆಂಬ್ರೋಸ್ ಪೊರ್ಬುವಿನ ತಂಗಿ ಗೆರ್ಟ್ರೂಡ್ ಎಂಬ ವಿಧವೆ ಕಂಕನಾಡಿಯಲ್ಲಿ ಇದ್ದಾಳೆ. ಅವಳ ಹಿತ್ತಿಲ ಕೋಣೆಯಲ್ಲಿ ಚಂಪಾ ಇರುತ್ತಾಳೆ. ರೇಷನ್ ಚೀಟಿ ಬೇರೆ ಮಾಡಿಸಿದೆ, ಅದರಲ್ಲಿ ಗಂಡನ ಹೆಸರು ನಿನ್ನದು. ಈ ಮನೆಯಿಂದ ಒಂದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ ಅಲ್ಲಿಗೆ ಹೋಗಕೂಡದೆಂದು ತಂಗಿ ಬಾಗಿಗೂ ಹೇಳಿದ್ದೇನೆ. ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.

ಪೊರ್ಬು ನನಗೆ ಹುಚ್ಚು ಎಂದ. ಬರೇ ಕಾಗದಕ್ಕೆ ಇಷ್ಟೆಲ್ಲ ಯಾಕೆ ಎಂದ. ಅವನು ದಿನಾ ಟೈಪು ಮಾಡುವವನು, ಅವನಿಗೆ ಹಾಗೆ ಕಾಣುವುದು ಸಹಜ.

ಇನ್ನು ಅವಳ ಊಟ ಬಟ್ಟೆ ನಿನ್ನದು. ತಡಮಾಡದೆ ಕಳಿಸು. ನಿನ್ನ ಕ್ಷೇಮ ಕೇಳಬೇಕೆಂದು ಇವತ್ತು ನನಗೆ ಅನಿಸುತ್ತಿಲ್ಲ, ಇನ್ನೊಮ್ಮೆ ಕೇಳುತ್ತೇನೆ.

ದುಗ್ಗಪ್ಪ

*

ಕಂಕನಾಡಿ
9 ನವೆಂಬರ್ 1947

ಮೊಂಬಾಸದವರಿಗೆ,

ನೀವು ಕಳಿಸಿದ ಹಣ ಬಂತು. ಇದು ಮೂರನೆಯ ತಿಂಗಳು. ಗೆರ್ಟ್ರೂಡ್ ಬಾಯಿ ಒಳ್ಳೆಯವರು, ನನಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಮಾತಾಡುತ್ತಾರೆ ಅಷ್ಟೇ. ಬೆಳಿಗ್ಗೆ ಇಗರ್ಜಿಯ ಗಂಟೆಗೆ ಏಳುತ್ತೇನೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತೇನೆ. ತಂದ ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸುತ್ತೇನೆ. ಅಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಒಬ್ಬಳಿಗೆ ಬೇಯಿಸಿ ರೂಢಿಯಿಲ್ಲ, ಅನ್ನ ದಿನಾ ಮಿಕ್ಕುತ್ತದೆ.

ಕಳೆದ ತಿಂಗಳು ಸರ್ಕಾರದ ಕಡೆಯಿಂದ ಒಬ್ಬರು ವಿಚಾರಣೆಗೆ ಬಂದರು. ಕೋಣೆ ನೋಡಿದರು. ಒಂದು ಚಾಪೆ, ಒಂದು ಪಾತ್ರೆ, ಒಂದು ಟ್ರಂಕು. ರೇಷನ್ ಚೀಟಿ ತಿರುಗಿಸಿ ನೋಡಿದರು. ತಾಯಿಮನೆಯಿಂದ ಏನಾದರೂ ಬರುತ್ತದಾ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರಿಗೆ ಸಮಾಧಾನವಾಯಿತು. ನನ್ನ ಗತಿ ನೋಡಿ ಸಮಾಧಾನಪಟ್ಟ ಮೊದಲ ಮನುಷ್ಯ ಅವರು.

ಅಮ್ಮ ಒಂದು ದಿನ ಸೆರಗಿನಲ್ಲಿ ನಾಲ್ಕು ಸೇರು ಕುಚ್ಚಲಕ್ಕಿ ಕಟ್ಟಿಕೊಂಡು ಬಂದಿದ್ದಳು. ಮಾವನಿಗೆ ಗೊತ್ತಾಗಿ ಹಿಂದೆಯೇ ಬಂದರು. ಗೇಟಿನ ಹೊರಗೆ ನಿಂತು "ಬಾಗೀ, ಕಟ್ಟು ಬಿಚ್ಚಬೇಡ. ಹಾಗೇ ವಾಪಸು ಬಾ," ಎಂದರು. ಅಮ್ಮ ಹೊಸ್ತಿಲಲ್ಲಿ ಕೂತುಬಿಟ್ಟಳು. ನಾನೇ ಎಬ್ಬಿಸಿ ಕಳಿಸಿದೆ. ಕಟ್ಟು ಬಿಚ್ಚಲಿಲ್ಲ.

ಸಂತೆಯ ದಿನ ಮಾವ ಕಂಕನಾಡಿಗೆ ಬರುತ್ತಾರೆ. ಎದುರಿನ ಮೊಯ್ದೀನಬ್ಬರ ಅಂಗಡಿಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾರೆ. ಈ ಕಡೆ ನೋಡುತ್ತಾರೆ. ನಾನೂ ಬಾಗಿಲಲ್ಲಿ ನಿಲ್ಲುತ್ತೇನೆ. ಅವರು ಕರೆಯುವುದಿಲ್ಲ, ನಾನೂ ಹೋಗುವುದಿಲ್ಲ. ಒಂದೊಂದು ವಾರ ಅವರ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಸಾವಿರ ಜನ ಸುಳ್ಳು ಪ್ರಮಾಣ ಮಾಡಿ ಸುಖವಾಗಿದ್ದಾರೆ, ಇವರಿಗೆ ಮಾತ್ರ ಯಾಕೆ ಈ ಹಟ? ಒಂದೊಂದು ವಾರ ಆ ಸಿಟ್ಟು ನಿಮ್ಮ ಮೇಲೆ ತಿರುಗುತ್ತದೆ.

ಜೂನಿನಲ್ಲಿ ನೀವು ಒಂದು ಮಾತು ಕೇಳಿದ್ದಿರಿ. ನಾನು ಉತ್ತರ ಬರೆದಿರಲಿಲ್ಲ. ಈಗ ಬರೆಯುತ್ತೇನೆ. ಬೇಡ. ಇಷ್ಟು ದೂರ ಬಂದ ಮೇಲೆ ನನಗೆ ಬಿಡಿಸಿಕೊಳ್ಳುವುದಕ್ಕೂ ಶಕ್ತಿಯಿಲ್ಲ, ಮತ್ತೆ ಆಸೆಯೂ ಇಲ್ಲ. ನಿಮ್ಮನ್ನು ನೋಡಬೇಕು. ದೇಶದ ರಾಜ್ಯಭಾರವೇ ಬದಲಾಯಿತು, ನಮ್ಮ ಫಾರಂ ಮಾತ್ರ ಅದೇ ಮೇಜಿನ ಮೇಲಿದೆಯೋ ಏನೋ. ಹೋಗಿ ಕೇಳಿ.

ನಿಮ್ಮ
ಚಂಪಾ

*

ಮೊಂಬಾಸ
4 ಜನವರಿ 1948

ಚಿ॥ ಸೌ॥ ಚಂಪಾವತಿಗೆ,

ಪರ್ಮಿಟ್ ಆಯಿತು. ಈ ಸಾಲನ್ನು ಇನ್ನೂ ಚೆನ್ನಾಗಿ ಬರೆಯಬೇಕೆಂದು ಎರಡು ಹಾಳೆ ಹರಿದೆ. ಆಗಲಿಲ್ಲ.

ಇದರೊಂದಿಗೆ ಇಟ್ಟಿದ್ದೇನೆ. ಟ್ರಂಕಿನಲ್ಲಿ ಹಾಕಬೇಡ, ಮೈಮೇಲೇ ಇಟ್ಟುಕೊ. ಬಂದರಿನಿಂದ ಬೊಂಬಾಯಿಗೆ ಸ್ಟೀಮರು, ಅಲ್ಲಿಂದ ಹಡಗು. ಬೊಂಬಾಯಿಯಲ್ಲಿ ನಮ್ಮ ಕಾರ್ಖಾನೆಯ ಸೇಟರ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಇಳಿದ ಮೇಲೆ ಆಫೀಸಿನವರು ಒಂದೆರಡು ಪ್ರಶ್ನೆ ಕೇಳುತ್ತಾರೆ. ಯಾರು ಸಾಕುತ್ತಾರೆ ಎಂದರೆ ಗಂಡ ಎನ್ನು. ತಾಯಿಮನೆಯಲ್ಲಿ ಏನುಂಟು ಎಂದರೆ ಏನೂ ಇಲ್ಲ ಎನ್ನು. ಹೆಚ್ಚು ಮಾತು ಬೇಡ. ಉತ್ತರ ಸರಿಹೋಗದಿದ್ದರೆ ಅದೇ ಹಡಗಿನಲ್ಲಿ ವಾಪಸು ಕಳಿಸುತ್ತಾರೆ, ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಾನು ಟೊಪ್ಪಿ ಹಾಕಿಕೊಂಡು ನಿಂತಿರುತ್ತೇನೆ. ನಿನಗೆ ಗುರುತು ಸಿಗಲಿಕ್ಕಿಲ್ಲ, ಕೂದಲು ಹೋಗಿದೆ. ಭಟ್ಟಿಯ ಬಿಸಿಗೆ ಮುಖವೂ ಕಪ್ಪಾಗಿದೆ. ಈ ಎಂಟೂವರೆ ವರ್ಷ ನಿನ್ನೊಂದಿಗೆ ಕಾಗದದಲ್ಲೇ ಮಾತಾಡಿದ್ದು. ಎದುರಿಗೆ ಬಂದಾಗ ಮಾತಾಡಲು ಬರುತ್ತದೋ ಇಲ್ಲವೋ ಎಂದು ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ.

ನಿನ್ನ ಮಾವನಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ನಮಸ್ಕಾರ ತಿಳಿಸು.

ನೋಣಯ್ಯ

*

ಮೊಂಬಾಸ
14 ಮಾರ್ಚ್ 1948

ದುಗ್ಗಪ್ಪ ಮಾವನ ಪಾದಗಳಿಗೆ ಚಂಪಾ ಮಾಡುವ ನಮಸ್ಕಾರ.

ಮೊನ್ನೆ ಗುರುವಾರ ಇಳಿದೆ. ಹಡಗಿನಲ್ಲಿ ಐದು ದಿನ ಏನೂ ಸೇರಲಿಲ್ಲ, ಈಗ ಸರಿಯಾಗಿದೆ. ಅಮ್ಮನಿಗೆ ಓದಿ ಹೇಳುವಾಗ ಐದು ದಿನದ ಮಾತು ಬಿಟ್ಟುಬಿಡಿ.

ಅವರು ಚೆನ್ನಾಗಿದ್ದಾರೆ. ಟೊಪ್ಪಿ ಹಾಕಿದವರು ಅಲ್ಲಿ ಇಪ್ಪತ್ತು ಜನ ಇದ್ದರು. ನಾನು ಬೇರೆ ಒಬ್ಬರ ಕಡೆ ನಡೆದೆ, ಅವರು ಹಿಂದಿನಿಂದ ಹೆಸರು ಹಿಡಿದು ಕರೆದರು. ಮನೆಗೆ ಬಂದ ಮೇಲೆ ಅವರು ಒಂದು ಕಡೆ, ನಾನು ಒಂದು ಕಡೆ ಕೂತೆವು. ಆಫೀಸಿನಲ್ಲಿ ಕರೆಯುವುದನ್ನು ಕಾಯುವವರ ಹಾಗೆ. ಆಮೇಲೆ ಅವರೇ ಎದ್ದು ಗಂಜಿ ಬೇಯಿಸಿದರು. ಉಪ್ಪು ಹೆಚ್ಚಾಗಿತ್ತು. ಹೇಳಿದೆ. ನಕ್ಕರು. ನಿಧಾನಕ್ಕೆ ಸರಿಹೋಗುತ್ತದೆ ಎಂದುಕೊಳ್ಳುತ್ತೇನೆ.

ಹೊರಡುವ ದಿನ ಬಂದರಿಗೆ ನೀವು ಬಂದಿರಿ. ಅಮ್ಮ ಅತ್ತಳು. ನಾನು ದೋಣಿಗೆ ಹತ್ತುವಾಗ ನೀವು ಟ್ರಂಕು ಎತ್ತಿ ಕೊಟ್ಟು ದೂರ ನಿಂತಿರಿ. ನಾನು ಏನೂ ಹೇಳಲಿಲ್ಲ. ಹೇಳಬೇಕಾದ್ದೆಲ್ಲ ಸಿಟ್ಟಿನದೇ ಇತ್ತು, ಆದ್ದರಿಂದ ಹೇಳದೆ ಇದ್ದದ್ದೇ ಒಳ್ಳೆಯದಾಯಿತು.

ಇಲ್ಲಿ ಒಂದು ಮೇಜಿನ ಮುಂದೆ ನಿಲ್ಲಿಸಿ ಕೇಳಿದರು. ಯಾರು ಸಾಕುತ್ತಾರೆ? ಗಂಡ ಎಂದೆ. ತಾಯಿಮನೆ? ಅಲ್ಲಿ ನನಗೆ ಏನೂ ಇಲ್ಲ ಎಂದೆ. ಸೀಲು ಹೊಡೆದು ಒಳಗೆ ಬಿಟ್ಟರು. ಹಡಗಿನಲ್ಲಿ ಆ ಮಾತನ್ನು ನೂರು ಸಲ ಬಾಯಿಪಾಠ ಮಾಡಿದ್ದೆ, ಹೇಳುವಾಗ ನಾಲಿಗೆ ತಡವರಿಸಬಾರದೆಂದು. ತಡವರಿಸಲಿಲ್ಲ. ಸಲೀಸಾಗಿ ಬಂತು. ಅಂದಿನಿಂದ ನನಗೆ ಒಂದೇ ಬೇಸರ. ಆಫೀಸಿಗಾಗಿ ಹೇಳಿದ್ದೋ, ನಿಜವನ್ನೇ ಹೇಳಿದ್ದೋ ಎಂದು ನನಗೆ ಗೊತ್ತಾಗುತ್ತಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ.

ನಿಮ್ಮ ಸೊಸೆ
ಚಂಪಾ

*

ಕಾವೂರು
29 ಏಪ್ರಿಲ್ 1948

ಚಂಪಾ,

ನಿನ್ನ ಕಾಗದ ಶನಿವಾರ ಬಂತು. ನೀನು ಇಳಿದದ್ದು, ಸೀಲು ಹೊಡೆದದ್ದು ಎರಡನ್ನೂ ಓದಿ ಆದ ಮೇಲೆ ಬಾಗಿಯನ್ನು ಕರೆದು ಓದಿ ಹೇಳಿದೆ. ಐದು ದಿನದ ಮಾತು ಬಿಟ್ಟೆ. ಅವಳು ನನ್ನೊಂದಿಗೆ ಮಾತಾಡುತ್ತಾಳೆ ಈಗ, ಬೈಯುವಷ್ಟು.

ನೀನು ಕೇಳಿದ್ದಕ್ಕೆ ಉತ್ತರ ಬರೆಯಬೇಕು. ಬರೆಯಲು ನಾಚಿಕೆಯಾಗುತ್ತದೆ.

ಹೋದ ವರ್ಷ ಕೊಯ್ಲು ಮುಗಿದ ಮೇಲೆ ಈ ಮನೆಯಲ್ಲಿ ಹೊಸ ಅಕ್ಕಿ ಊಟ ಆಗಲಿಲ್ಲ. ನಿನ್ನನ್ನು ಬಿಟ್ಟು ಮಾಡಿದರು ಎಂದು ನೀನು ತಿಳಿದಿರಬೇಕು. ನೀನು ಕೇಳಲೂ ಇಲ್ಲ, ಬಾಗಿ ಹೇಳಲೂ ಇಲ್ಲ, ಹೇಳಬಾರದೆಂದು ನಾನು ತಡೆದಿದ್ದೆ. ಕುಟುಂಬದವರೆಲ್ಲ ಎಲೆ ಮುಂದೆ ಕೂರದೆ ಯಜಮಾನ ಹೊಸ ಅಕ್ಕಿ ಬಾಯಿಗೆ ಹಾಕಬಾರದು, ನಿನಗೆ ಗೊತ್ತಿದ್ದದ್ದೇ. ನೀನು ಈ ಮನೆಯವಳಲ್ಲ ಎಂದು ನಾನೇ ಪ್ರಮಾಣ ಮಾಡಿದವನಾದ್ದರಿಂದ ನಿನ್ನನ್ನು ಲೆಕ್ಕಕ್ಕೆ ಹಿಡಿಯದೆ ಉಣ್ಣಬಹುದಿತ್ತು. ದಿನ ನೋಡಿದೆ, ಎಲೆ ಕೊಯ್ಸಿದೆ. ಆಗಲಿಲ್ಲ. ಎಲ್ಲರನ್ನೂ ಎಬ್ಬಿಸಿ ಕಳಿಸಿದೆ. ಹಳೆಯ ಅಕ್ಕಿ ಜನವರಿಗೆ ಮುಗಿಯಿತು. ಆಮೇಲೆ ಹೊಸ ಭತ್ತ ಕಣಜದಲ್ಲಿ ಇದ್ದ ಹಾಗೇ ಇಟ್ಟು ಪೇಟೆಯಿಂದ ಅಕ್ಕಿ ತಂದು ಉಂಡೆವು.

ಸೋಮವಾರ ಹೊಸ ಅಕ್ಕಿ ಊಟ ಮಾಡಿದೆವು. ಆರು ತಿಂಗಳು ತಡವಾಗಿ. ನಿನಗೂ ಒಂದು ಎಲೆ ಹಾಕಿ ಬಡಿಸಿದೆವು. ಆ ಅನ್ನವನ್ನು ಬಾಗಿ ಉಂಡಳು.

ಮಂಗಳವಾರ ನಾಲ್ಕು ಹಿರಿಯರನ್ನು ಕರೆಸಿ ಗುರಿಕಾರನ ಬೆತ್ತ ಅವರ ಮುಂದೆ ಇಟ್ಟೆ. ಮೂವತ್ತೆರಡು ವರ್ಷ ಆಯಿತು, ಮಂಡಿ ನೋವು, ಬೇರೆಯವರು ನೋಡಿಕೊಳ್ಳಲಿ ಎಂದೆ. ಮಂಡಿಯ ಮಾತನ್ನು ನಂಬಿದರು. ನಿಜವನ್ನು ನಿನಗೊಬ್ಬಳಿಗೆ ಬರೆಯುತ್ತೇನೆ. ನಿನ್ನನ್ನು ಕಳಿಸಿದೆ, ಚೀಟಿ ಬೇರೆ ಮಾಡಿಸಿದೆ, ಅಕ್ಕಿಯ ಕಟ್ಟು ವಾಪಸು ತಂದೆ. ಎಲ್ಲವನ್ನೂ ನಿಜ ಮಾಡಿದೆ ಎಂದು ತಿಳಿದಿದ್ದೆ. ಎಲೆಯ ಮುಂದೆ ಕೂತಾಗ ಗೊತ್ತಾಯಿತು, ನಾನು ಹಾಕಿದ್ದು ಸುಳ್ಳು ರುಜು ಎಂದು. ಅಂಥವನು ಇನ್ನೊಬ್ಬರ ಧಾರೆಗೆ ಸಾಕ್ಷಿ ನಿಲ್ಲಬಾರದು. ಮಗಳೇ, ನನಗೆ ಇದರಲ್ಲಿ ದುಃಖವಿಲ್ಲ. ಆಯಾಸ ಉಂಟು.

ನೋಣಯ್ಯ ಕ್ಷೇಮವಾ ಎಂದು ಕೇಳು, ಅದೊಂದು ಬಾಕಿ ಇತ್ತು.

ಈ ಕಾಗದ ಓದಿದ ಕೂಡಲೇ ಒಲೆಗೆ ಹಾಕು. ಕಾವೂರಿನಲ್ಲಿ ನಿನಗೆ ಅನ್ನ ಉಂಟೆಂದು ಅಲ್ಲಿನ ಆಫೀಸಿನವರಿಗೆ ಗೊತ್ತಾಗುವುದು ಬೇಡ.

ದುಗ್ಗಪ್ಪ